ಹಿಂದಕ್ಕೆ ಓಡಿದರೆ ಮಂಡಿನೋವು ಹೋಗುತ್ತಾ?

ಪ್ರಶ್ನೆ: ವಯಸ್ಸು 38, ವಾರಕ್ಕೆ 25 ಕಿ.ಮೀ. ಓಟ. ಮೆಟ್ಟಿಲು ಇಳಿಯುವಾಗ, ಇಳಿಜಾರಲ್ಲಿ ಓಡುವಾಗ ಮಂಡಿಚಿಪ್ಪಿನ ಸುತ್ತ ನೋವು. ಹಿಂದಕ್ಕೆ ಓಡಿದರೆ ಸರಿಹೋಗುತ್ತೆ ಅಂತಾರೆ. ನಿಜಾನಾ ಸರ್? ಶುರು ಮಾಡೋದು ಹೇಗೆ?

ಫಿಸಿಯೊ: ಅರ್ಧ ನಿಜ. ಮುಂದಕ್ಕೆ ಓಡುವಾಗ ಕಾಲು ನೆಲಕ್ಕೆ ಬಿದ್ದ ತಕ್ಷಣ ಮಂಡಿ ಮಡಚುತ್ತೆ, ತೊಡೆಯ ಮುಂಭಾಗದ ಸ್ನಾಯು ಬ್ರೇಕ್ ಹಾಕುತ್ತೆ. ಆಗ ಚಿಪ್ಪು ತೊಡೆಮೂಳೆಗೆ ಒತ್ತಿಕೊಳ್ಳುತ್ತೆ. ಹಿಂದಕ್ಕೆ ಓಡುವಾಗ ಮೊದಲು ತಾಗೋದು ಪಾದದ ಮುಂಭಾಗ, ಮಂಡಿ ಮೊದಲೇ ತುಸು ಮಡಚಿರುತ್ತೆ. ಅದೇ ಸ್ನಾಯು ಬ್ರೇಕ್ ಹಾಕೋದಕ್ಕಿಂತ ತಳ್ಳೋ ಕೆಲಸವನ್ನೇ ಹೆಚ್ಚು ಮಾಡುತ್ತೆ. ಹಾಗಾಗಿ ಅದೇ ವೇಗದಲ್ಲಿ ಚಿಪ್ಪಿನ ಮೇಲಿನ ಒತ್ತಡ ಕಡಿಮೆ. ಆದರೆ ಆ ಭಾರ ಮೀನಖಂಡಕ್ಕೂ ಹಿಮ್ಮಡಿ ಮೇಲಿನ ಅಕಿಲೀಸ್ ಟೆಂಡನ್‌ಗೂ ಹೋಗುತ್ತೆ. ಅಲ್ಲಿ ಈಗಾಗಲೇ ನೋವಿದ್ದರೆ ಈ ಅಭ್ಯಾಸ ಬೇಡ. ಮಂಡಿ ಊದಿದ್ದರೆ, ಲಾಕ್ ಆಗ್ತಿದ್ದರೆ, ನಿಂತಲ್ಲೇ ಕುಸಿದ ಹಾಗಾದರೆ ಮೊದಲು ತೋರಿಸಿ, ಓಟ ಆಮೇಲೆ. ಸೊಂಟ, ತೊಡೆಗೆ ಬಲ ಕೊಡೋ ವ್ಯಾಯಾಮದ ಜಾಗಕ್ಕೆ ಇದನ್ನ ತರಬೇಡಿ, ಅದರ ಜೊತೆಗೆ ಸೇರಿಸಿ.

ಕೋಚ್: ವಿಧಾನ ನಾನು ಹೇಳ್ತೀನಿ. ಶಾಲಾ ಮೈದಾನ ಅಥವಾ ಟ್ರ್ಯಾಕ್, ನೇರ 20 ಮೀಟರ್ ಸಾಕು. ರಸ್ತೆ, ಪಾರ್ಕಿನ ಕಾಲುದಾರಿ ಬೇಡ, ನಾಯಿ ಮಕ್ಕಳು ಯಾವಾಗ ಅಡ್ಡ ಬರ್ತಾರೋ ಗೊತ್ತಾಗಲ್ಲ. ಟ್ರ್ಯಾಕಲ್ಲಾದರೆ ಲೇನ್ ಗೆರೆ ನಿಮ್ಮ ಎರಡು ಕಾಲಿನ ನಡುವೆ ಬರಲಿ. ಓಡ್ತಾ ಓಡ್ತಾ ಗೆರೆ ಮುಂದೆ ಉದ್ದವಾಗಿ ಬಿಚ್ಚಿಕೊಳ್ಳುತ್ತೆ, ಓರೆಯಾದರೆ ತಕ್ಷಣ ಕಾಣುತ್ತೆ.

10 ನಿಮಿಷ ಮಾಮೂಲಿ ವಾರ್ಮ್‌ಅಪ್. ಮೊದಲ ವಾರ ಬರೀ ಹಿಂದಕ್ಕೆ ನಡಿಗೆ: 20 ಮೀಟರ್, 6 ಸಲ. ಎರಡನೇ ವಾರ ಅದೇ ದೂರ ನಿಧಾನ ಜಾಗ್, ಪ್ರತಿ ಸಲದ ನಡುವೆ ಒಂದು ನಿಮಿಷ ವಿಶ್ರಾಂತಿ. ಮೂರನೇ ವಾರದಿಂದ 30 ಮೀಟರ್. ವಾರಕ್ಕೆ ಎರಡೇ ದಿನ, ನಡುವೆ ಕನಿಷ್ಠ ಎರಡು ದಿನ ಬಿಡುವು. ಮೊದಲ ತಿಂಗಳು ಒಂದು ದಿನಕ್ಕೆ 300 ಮೀಟರ್ ದಾಟಬೇಡಿ. ಉಸಿರು ಇನ್ನೂ ಇರುತ್ತೆ, ಮೀನಖಂಡಕ್ಕೆ ಮಾತ್ರ ಮಾರನೇ ದಿನವೇ ಗೊತ್ತಾಗೋದು.

ಭಂಗಿಯಲ್ಲಿ ಎಲ್ಲರೂ ಎಡವೋದು ಒಂದೇ ಕಡೆ: ಮೈ ಹಿಂದಕ್ಕೆ ವಾಲಿಸ್ತಾರೆ. ಹಾಗಾದರೆ ದೇಹದ ಭಾರ ಪಾದಕ್ಕಿಂತ ಹಿಂದೆ ಹೋಗುತ್ತೆ, ಕಾಲು ಅದನ್ನ ಹಿಡಿಯೋಕೆ ಓಡುತ್ತೆ, ಹಿಡಿಯೋಕಾಗದೆ ಕುಂಡೆ ಮೇಲೆ ಬೀಳ್ತಾರೆ. ಎದೆ ತುಸು ಮುಂದಕ್ಕೆ, ಮಂಡಿ ತುಸು ಮಡಚಿ, ಹೆಜ್ಜೆ ಚಿಕ್ಕದು ಆದರೆ ಚುರುಕು. ಬೆರಳಿನ ಬುಡ ಮೊದಲು ತಾಗಿ ಹಿಮ್ಮಡಿ ಆಮೇಲೆ ಹಗುರವಾಗಿ ಇಳಿಯಲಿ. ಐದಾರು ಹೆಜ್ಜೆಗೊಮ್ಮೆ ಹಿಂದೆ ನೋಡಿ, ಒಮ್ಮೆ ಎಡ ಭುಜದ ಮೇಲಿಂದ, ಒಮ್ಮೆ ಬಲದಿಂದ. ಯಾವಾಗಲೂ ಒಂದೇ ಕಡೆ ತಿರುಗಿದರೆ ಕತ್ತು ಹಿಡಿಯುತ್ತೆ, ಓಟವೂ ಓರೆಯಾಗುತ್ತೆ.

ಪ್ರಶ್ನೆ: ಬೀಳೋ ಹಾಗಾದರೆ?

ಕೋಚ್: ಕೈ ಹಿಂದಕ್ಕೆ ಚಾಚಿ ನೆಲ ಊರಬೇಡಿ, ಮಣಿಕಟ್ಟು ಮುರಿಯೋದು ಹಾಗೇ. ಗದ್ದ ಎದೆಗೆ ಒತ್ತಿ, ಕುಕ್ಕರುಗಾಲಲ್ಲಿ ಕೂತ ಹಾಗೆ ಕೆಳಗಿಳಿದು ಬೆನ್ನು ದುಂಡಗೆ ಮಾಡಿ ಉರುಳಿ. ಹುಲ್ಲಿನ ಮೇಲೆ ಇದನ್ನ ಮೊದಲೇ ನಾಲ್ಕು ಸಲ ಅಭ್ಯಾಸ ಮಾಡಿಕೊಳ್ಳಿ.

ಪ್ರಶ್ನೆ: ಟ್ರೆಡ್‌ಮಿಲ್ ಮೇಲೆ ಮಾಡಬಹುದಾ ಮೇಡಂ? ಅಮ್ಮನಿಗೂ ಮಂಡಿನೋವು, ಅವರೂ ಕೇಳ್ತಿದ್ದಾರೆ.

ಫಿಸಿಯೊ: ನೀವು ನಡಿಗೆ ಮಾತ್ರ ಮಾಡಿ. ಗಂಟೆಗೆ 1.5ರಿಂದ 2 ಕಿ.ಮೀ. ವೇಗ, ಸೇಫ್ಟಿ ಕ್ಲಿಪ್ ಬಟ್ಟೆಗೆ ಸಿಕ್ಕಿಸಿ, ಒಂದು ಕೈ ಹಿಡಿಕೆ ಮೇಲೆ. ಬೆಲ್ಟ್ ನಿಂತಿರುವಾಗಲೇ ತಿರುಗಿ ನಿಲ್ಲಬೇಕು, ಓಡ್ತಿರೋ ಬೆಲ್ಟ್ ಮೇಲೆ ತಿರುಗಬೇಡಿ. ಅಮ್ಮನಿಗೆ ಟ್ರೆಡ್‌ಮಿಲ್ ಬೇಡ. ಮನೆಯ ಪಡಸಾಲೆಯಲ್ಲಿ ಗೋಡೆ ಹಿಡಿದು, ಪಕ್ಕದಲ್ಲಿ ಒಬ್ಬರು ಇದ್ದು, ಐದಾರು ಹೆಜ್ಜೆ ಹಿಂದಕ್ಕೆ ನಡೆದರೆ ಸಾಕು. ತಲೆಸುತ್ತು, ಮೂಳೆ ಟೊಳ್ಳಾಗೋ ಕಾಯಿಲೆ (ಆಸ್ಟಿಯೊಪೊರೋಸಿಸ್) ಅಥವಾ ಕತ್ತಿನ ತೊಂದರೆ ಇದ್ದರೆ ಅದೂ ಬೇಡ.

ಪ್ರಶ್ನೆ: ಕಬಡ್ಡಿ, ಫುಟ್‌ಬಾಲ್ ಹುಡುಗರಿಗೆ ಉಪಯೋಗವಾ?

ಕೋಚ್: ಖಂಡಿತ. ಎದುರಾಳಿ ಮೇಲೆ ಕಣ್ಣಿಟ್ಟು ಹಿಂದೆ ಸರಿಯೋ ಡಿಫೆಂಡರ್‌ಗೆ ಇದು ದಿನಾ ಬೇಕು. ಅವರಿಗೆ ಉದ್ದ ಓಟ ದಂಡ. 5ರಿಂದ 10 ಮೀಟರ್ ಹಿಂದಕ್ಕೆ, ಶಿಳ್ಳೆ ಹೊಡೆದ ಕೂಡಲೇ ತಿರುಗಿ ಮುಂದಕ್ಕೆ ಓಟ. ಕ್ರಿಕೆಟಲ್ಲಿ ತಲೆ ಮೇಲೆ ಹೋಗೋ ಕ್ಯಾಚಿಗೆ ಮಾತ್ರ ಹಿಂದಕ್ಕೆ ಓಡಬಾರದು, ತಿರುಗಿ ಓಡಬೇಕು. ಅಂಗಾತ ಬಿದ್ದವರ ಕೈಯಲ್ಲಿ ಚೆಂಡು ನಿಲ್ಲಲ್ಲ.

ಪ್ರಶ್ನೆ: ಇದು ನಿಜವಾಗಲೂ ಒಂದು ಕ್ರೀಡೆನಾ, ಬರೀ ತಮಾಷೆನಾ?

ಕೋಚ್: ಕ್ರೀಡೆನೇ. 2006ರಲ್ಲಿ ಸ್ವಿಟ್ಜರ್ಲೆಂಡಿನ ರೋಟ್‌ಕ್ರಾಯ್ಟ್ಸ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ಆಯಿತು. ಅದಕ್ಕೂ ಮೊದಲೇ, 1984ರಲ್ಲಿ, ನಮ್ಮ ದೇಶದ ಅರವಿಂದ ಪಾಂಡ್ಯ ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕ್‌ವರೆಗೆ ಹಿಂದಕ್ಕೇ ಓಡಿದ್ದರು, 107 ದಿನ. 2004ರಲ್ಲಿ ಚೀನಾದ ಷು ಝೆನ್‌ಜುನ್ ಬೀಜಿಂಗ್ ಮ್ಯಾರಥಾನನ್ನು ಹಿಂದಕ್ಕೆ ಓಡಿ 3 ಗಂಟೆ 43 ನಿಮಿಷ 39 ಸೆಕೆಂಡಿಗೆ ಮುಗಿಸಿದರು. ಮುಂದಕ್ಕೆ ಓಡಿ ನಾಲ್ಕು ಗಂಟೆಯೊಳಗೆ ಮುಗಿಸೋಕೆ ಒದ್ದಾಡೋರಿಗೆ ಇದರ ತೂಕ ಗೊತ್ತು. ಅದೇ ವೇಗದಲ್ಲಿ ಹಿಂದಕ್ಕೆ ಓಡೋಕೆ ಸುಮಾರು 30% ಹೆಚ್ಚು ಆಮ್ಲಜನಕ ಬೇಕು.

ಪ್ರಶ್ನೆ: ಕೊನೇದು ಸರ್, ಶೂ ಯಾವುದು?

ಕೋಚ್: ಹಿಮ್ಮಡಿ ಕಡೆ ಸೋಲ್ ದಪ್ಪಗೆ, ಅಗಲಕ್ಕೆ ಹೊರಚಾಚಿರೋ ಶೂ ಬೇಡ, ಅದರ ಅಂಚೇ ನೆಲಕ್ಕೆ ತಗುಲುತ್ತೆ. ಚಪ್ಪಟೆ ಸೋಲಿನ ಹಳೆ ಶೂ ಸಾಕು. ಲೇಸ್ ತುದಿ ಒಳಗೆ ಸಿಕ್ಕಿಸಿ. ಬೆಳಗಿನ ಇಬ್ಬನಿಗೆ ಹುಲ್ಲು ಒದ್ದೆ ಇದ್ದರೆ ಅವತ್ತು ಬಿಟ್ಟುಬಿಡಿ.