ನೀವು ಬಂದಾಗ ಅಂತ ಎತ್ತಿಟ್ಟಿದ್ದು

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಮೆಲ್ಬರ್ನ್‌ನಲ್ಲಿರುವ ಸೋದರಿಯೊಬ್ಬರು ಹೊರದೇಶದ ಕನ್ನಡಿಗರ ನಮ್ಮ ಈ ಗುಂಪಿನಲ್ಲಿ ಕೇಳಿದ್ದರು: "ಅತ್ತೆ ಕೊಟ್ಟ ಬೆಳ್ಳಿ ತಟ್ಟೆ ಇದೆ. 6 ವರ್ಷದ ಮಗನಿಗೆ ದಿನಾ ಅದರಲ್ಲೇ ಊಟಕ್ಕೆ ಹಾಕಬಹುದಾ, ಇಲ್ಲಾ ಅವನ ಮುಂಜಿಗೆ ಅಂತ ಎತ್ತಿಡಲಾ?" ಹೆಚ್ಚಿನವರು ಎತ್ತಿಡಿ ಅಂದಿರಿ. ಆವತ್ತು ನಾನು ಬೆಂಗಳೂರಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ, ಏನೂ ಬರೆಯಲಿಲ್ಲ. ಈಗ 11 ದಿನದಿಂದ ಹನುಮಂತನಗರದ ಅಮ್ಮನ ಮನೆಯಲ್ಲಿ ಬೀರು, ಅಟ್ಟ, ಟ್ರಂಕು ಒಂದೊಂದಾಗಿ ಖಾಲಿ ಮಾಡುತ್ತಿದ್ದೇನೆ. ಈಗ ಹೇಳುವುದಿದೆ.

ಅಪ್ಪನಿಗೆ 80, ಅಮ್ಮನಿಗೆ 74. ಮನೆ ಮೊದಲ ಮಹಡಿಯಲ್ಲಿದೆ, 19 ಮೆಟ್ಟಿಲು. ಇಬ್ಬರನ್ನೂ ಲಿಫ್ಟ್ ಇರುವ ಮನೆಗೆ ಕರೆದುಕೊಂಡು ಹೋಗುವುದಕ್ಕೆ ಅಂತ ಮಗಳ ರಜೆ ನೋಡಿಕೊಂಡು ಸ್ಟುಟ್‌ಗಾರ್ಟ್‌ನಿಂದ ಬಂದಿದ್ದೇನೆ.

ಅಟ್ಟದಿಂದ ಮೊದಲು ಇಳಿದದ್ದು ಒಂದು ಶೂ ಡಬ್ಬ. 2014ರಲ್ಲಿ ಅಪ್ಪನ ವಾಕಿಂಗ್‌ಗೆ ಅಂತ ನಾನೇ ತಂದುಕೊಟ್ಟಿದ್ದು. ಒಳಗೆ ತುರುಕಿದ ತೆಳು ಕಾಗದ ಕೂಡ ಹಾಗೇ ಇತ್ತು. ಇಷ್ಟು ವರ್ಷ ಅಪ್ಪ ಹವಾಯಿ ಚಪ್ಪಲಿಯಲ್ಲೇ ಬ್ಯೂಗಲ್ ರಾಕ್ ಪಾರ್ಕಿಗೆ ಹೋಗಿ ಬಂದಿದ್ದಾರೆ. "ಈಗಲಾದರೂ ಹಾಕ್ಕೊಳ್ಳಿ ಅಪ್ಪ" ಅಂದೆ. ಕುರ್ಚಿಯ ಮೇಲೆ ಕೂತು ನಿಧಾನವಾಗಿ ಲೇಸ್ ಕಟ್ಟಿಕೊಂಡರು, ಎದ್ದು ನಡುಮನೆಯಲ್ಲಿ ನಾಲ್ಕು ಹೆಜ್ಜೆ ಹಾಕಿದರು. ಅಷ್ಟಕ್ಕೇ ಹಿಮ್ಮಡಿಯ ಹತ್ತಿರ ಅಡಿಭಾಗ ಬಿರಿಯಿತು, ಮುಂದಿನ ಹೆಜ್ಜೆಗೆ ಒಂದು ತುಂಡು ಕಿತ್ತು ಕೆಂಪು ನೆಲದ ಮೇಲೆ ಬಿತ್ತು. ಕೈಗೆ ತೆಗೆದುಕೊಂಡರೆ ಹಳೇ ಮೈಸೂರ್ ಪಾಕ್ ಥರ ಉದುರಿಹೋಯಿತು. ಪಾಲಿಯುರೇಥೇನ್ ಅಡಿಯ ಶೂಗಳ ಹಣೆಬರಹವೇ ಅದು. ಗಾಳಿಯಲ್ಲಿರುವ ತೇವ ವರ್ಷಾನುಗಟ್ಟಲೆ ಒಳಗೆ ಸೇರಿ ಆ ಫೋಮನ್ನು ಮುರಿಯುತ್ತಾ ಹೋಗುತ್ತದೆ, ಡಬ್ಬದೊಳಗೆ ಇಟ್ಟಿದ್ದೇವೆ ಅಂತ ಅದು ನಿಲ್ಲುವುದಿಲ್ಲ. ಅಪ್ಪ ಶೂ ಬಿಚ್ಚಿ ಪಕ್ಕಕ್ಕಿಟ್ಟು, "ಪಾಪ, ಎಷ್ಟು ದುಡ್ಡು ಕೊಟ್ಟಿದ್ದೆಯೋ ಏನೋ" ಅಂದರು. ಬೇರೇನೂ ಹೇಳಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಆಮೇಲೆ ಒಂದೊಂದೇ ಬಂತು. ವಿಡಿಯೊ ಕಾಲ್ ಮಾಡಲಿ ಅಂತ ಕೊಟ್ಟ ಟ್ಯಾಬ್ಲೆಟ್, ಡಬ್ಬ ಸಮೇತ. ಚಾರ್ಜ್ ಇಲ್ಲದೆ ವರ್ಷಗಟ್ಟಲೆ ಬಿಟ್ಟ ಲಿಥಿಯಂ ಬ್ಯಾಟರಿ ಮತ್ತೆ ಜೀವ ಹಿಡಿಯುವುದು ಕಷ್ಟ, ಇದೂ ಹಿಡಿಯಲಿಲ್ಲ. ಹಾಸಿಗೆ ಹೊದಿಕೆ ನಾಲ್ಕು ಜೊತೆ. ಆರು ಜನರ ಡಿನ್ನರ್ ಸೆಟ್. ಮಗಳು ಎಲ್ಲ ನೋಡುತ್ತಾ ನಿಂತಿದ್ದಳು, ಅವಳಿಗೆ 11 ವರ್ಷ. "ಅಜ್ಜಿ, ನಿಮ್ಮನೇಲಿ ಎಲ್ಲಾನೂ ಎರಡೆರಡು ಯಾಕಿದೆ? ಒಂದು ಹಳೇದು, ಒಂದು ಹೊಸದು?" ಅಂತ ಕೇಳಿದಳು. ಅಮ್ಮ ಅವಳಿಗೆ ಉತ್ತರ ಹೇಳಲಿಲ್ಲ, ನನ್ನ ಕಡೆ ತಿರುಗಿ "ನೀವು ಬಂದಾಗ ಅಂತ ಇಟ್ಟಿದ್ದೆ ಕಣೇ" ಅಂದರು.

ನಾವು ಬರುವುದು ಎರಡು ವರ್ಷಕ್ಕೊಮ್ಮೆ, ಮೂರು ವಾರ. ಅದರಲ್ಲಿ ಒಂದು ವಾರ ಅತ್ತೆ ಮನೆ, ಒಂದು ಮದುವೆ, ಒಂದು ಧರ್ಮಸ್ಥಳ. ಹೊಸ ತಟ್ಟೆ ತೆಗೆಯುವ ಹೊತ್ತಿಗೆ ನಾವು ವಿಮಾನ ನಿಲ್ದಾಣದ ದಾರಿಯಲ್ಲಿರುತ್ತೇವೆ.

ಇದನ್ನು ಜಿಪುಣತನ ಅಂತ ಯಾರೂ ಅನ್ನಬೇಡಿ. ಸಕ್ಕರೆಗೆ ರೇಷನ್ ಕಾರ್ಡು, ಸೀಮೆಎಣ್ಣೆಗೆ ಕ್ಯೂ, ಗ್ಯಾಸ್ ಸಂಪರ್ಕಕ್ಕೆ ವರ್ಷಗಟ್ಟಲೆ ಕಾಯುವುದು, ಇವೆಲ್ಲ ನೋಡಿ ಸಂಸಾರ ಮಾಡಿದವರು. ಹಳೇ ಬಟ್ಟೆ ಗಂಟು ಕಟ್ಟಿ ಕೊಟ್ಟು ಸ್ಟೀಲ್ ಪಾತ್ರೆ ತೆಗೆದುಕೊಂಡು, ಅದರ ಮೇಲೆ ಹೆಸರು, ತಾರೀಖು ಕೊರೆಸಿದವರು. ಒಡೆದರೆ ಇನ್ನೊಂದು ಬರುವುದಿಲ್ಲ ಅನ್ನುವ ಮನೆಯಲ್ಲಿ ಚೆನ್ನಾಗಿರುವುದನ್ನು ಮೇಲೆ ಎತ್ತಿಡುವುದು ಪ್ರೀತಿಯೇ. ಮನೆಗೆ ಬಂದವರ ಮುಂದೆ ನಮ್ಮ ಮಕ್ಕಳ ಮಾನ ಹೋಗಬಾರದು ಅನ್ನುವ ಪ್ರೀತಿ. ಅದನ್ನು ಕಲಿತೇ ನಾವು ಬೆಳೆದದ್ದು.

ಆದರೆ ಅದೇ ಮನೆಯಲ್ಲಿ ಅಪ್ಪನ ಎಚ್‌ಎಂಟಿ ಜನತಾ ಗಡಿಯಾರ ಇವತ್ತಿಗೂ ನಡೆಯುತ್ತಿದೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಗಡಿಯಾರ ಕಾರ್ಖಾನೆ ಅದು. ಎಚ್‌ಎಂಟಿ ವಾಚಸ್ ಕಂಪನಿಯನ್ನು 2016ರಲ್ಲಿ ಮುಚ್ಚಿದರು, ಅಪ್ಪನ ಕೈಯಲ್ಲಿರುವುದು ಮಾತ್ರ ನಿಂತಿಲ್ಲ. ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟ ತಕ್ಷಣ ಕೀ ಕೊಡುತ್ತಾರೆ. ನನಗೆ ನೆನಪಿರುವಂತೆ ಒಂದು ದಿನ ತಪ್ಪಿಸಿದ್ದಿಲ್ಲ. ನಡುವೆ ಎರಡು ಸಲ ಬಿಚ್ಚಿಸಿ ಎಣ್ಣೆ ಹಾಕಿಸಿದ್ದಾರೆ.

ಸೀರೆಯ ವಿಷಯ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ನಿಮ್ಮೆಲ್ಲರ ಅಮ್ಮಂದಿರ ಬೀರುವಿನಲ್ಲೂ ಇರುತ್ತದೆ. ಅಮ್ಮನ ಧಾರೆ ಸೀರೆ 1974ರದು. ಗಟ್ಟಿ ಜರಿ ಅಂಚು, ಅರಿಶಿನದ ಒಡಲು. ಉಟ್ಟಿದ್ದು ಎಣಿಸಿದರೆ ಐದು ಸಲ. ಪ್ಲಾಸ್ಟಿಕ್ ಕವರಿನಲ್ಲಿ, ಯಾವಾಗಲೂ ಅದೇ ಮಡಿಕೆಯಲ್ಲಿ ಇಟ್ಟಿದ್ದರು. ಬಿಡಿಸಿದಾಗ ಮಡಿಕೆಯ ಗೆರೆ ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲ ಸೀಳಿದೆ, ಸ್ಕೇಲ್ ಇಟ್ಟು ಬ್ಲೇಡಿನಿಂದ ಕುಯ್ದ ಹಾಗೆ. ಜರಿಯಲ್ಲಿ ಲೋಹದ ಎಳೆ ಇರುತ್ತದೆ. ಒಂದೇ ಕಡೆ ವರ್ಷಗಟ್ಟಲೆ ಬಗ್ಗಿಕೊಂಡಿದ್ದರೆ ಅದು ಮುರಿಯುತ್ತದೆ, ಪಕ್ಕದ ರೇಷ್ಮೆಯನ್ನೂ ಕತ್ತರಿಸುತ್ತದೆ. ಪ್ಲಾಸ್ಟಿಕ್ ಒಳಗೆ ತೇವ ನಿಂತರೆ ಜರಿಯ ಬೆಳ್ಳಿ ಕಪ್ಪಾಗುತ್ತದೆ. ಹಳೇ ಮೆತ್ತನೆಯ ಪಂಚೆಯಲ್ಲಿ ಸುತ್ತಿ, ಮೂರು ನಾಲ್ಕು ತಿಂಗಳಿಗೊಮ್ಮೆ ಬಿಡಿಸಿ ನೆರಳಿನಲ್ಲಿ ಗಾಳಿಗೆ ಹಾಕಿ, ಬೇರೆ ಕಡೆ ಮಡಿಸಬೇಕು. ನುಸಿ ಗುಳಿಗೆ ಸೀರೆಗೆ ತಾಕಬಾರದು. ಉಟ್ಟರೆ ಇದರಲ್ಲಿ ಅರ್ಧ ಕೆಲಸ ತಾನಾಗಿಯೇ ಆಗುತ್ತದೆ. ಅಮ್ಮನ ಹತ್ತಿರ ಒಂದು ಮೈಸೂರು ಸಿಲ್ಕ್ ಕೂಡ ಇದೆ, 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಆ ಮೈಸೂರಿನ ಕಾರ್ಖಾನೆಯದೇ. ಅದು ಹಗುರ ಅಂತ ನಾಮಕರಣ, ಸೀಮಂತ, ಸತ್ಯನಾರಾಯಣ ಪೂಜೆ ಎಲ್ಲದಕ್ಕೂ ಅದನ್ನೇ ಉಟ್ಟರು. ಅದು ಇವತ್ತಿಗೂ ನೀರಿನ ಹಾಗೆ ಕೈಯಿಂದ ಜಾರುತ್ತದೆ.

ಹಾಗಾದರೆ ಎತ್ತಿಡುವುದೇ ತಪ್ಪಾ? ಇಲ್ಲ. ಅದು ಹೊಳೆದದ್ದು ಬೊಂಬೆಯ ಟ್ರಂಕು ತೆಗೆದಾಗ. ಅಮ್ಮನ ಪಟ್ಟದ ಬೊಂಬೆಗಳು ಮದುವೆಯಲ್ಲಿ ತವರಿಂದ ಬಂದವು, ಆ ಸೀರೆಯ ವಯಸ್ಸೇ. ವರ್ಷದಲ್ಲಿ ಹನ್ನೊಂದೂವರೆ ತಿಂಗಳು ಟ್ರಂಕಿನಲ್ಲೇ ಇರುತ್ತವೆ. ಆದರೆ ನವರಾತ್ರಿಯ ಪಾಡ್ಯದ ದಿನ ಹೊರಗೆ ಬರಲೇಬೇಕು. ಧೂಳು ಒರೆಸಿಕೊಂಡು, ಹೊಸ ಬಟ್ಟೆ ಉಟ್ಟು, ಮೆಟ್ಟಿಲ ಮೇಲೆ ಕೂತು, ಅಕ್ಕಪಕ್ಕದ ಮಕ್ಕಳು ಬಂದು ಬೊಂಬೆ ಬಾಗಿನ ಇಸಿದುಕೊಂಡು ಹೋಗಿ, ವಿಜಯದಶಮಿ ರಾತ್ರಿ ಒಂದು ಬೊಂಬೆಯನ್ನು ಮಲಗಿಸಿದ ಮೇಲೆಯೇ ಮತ್ತೆ ಟ್ರಂಕು. ಬಣ್ಣ ಎಲ್ಲೂ ಎದ್ದಿಲ್ಲ. ಹುಳ ಹಿಡಿದರೆ ಆ ವರ್ಷವೇ ಗೊತ್ತಾಗುತ್ತದೆ. ಮಗಳಿಗೆ ಅವುಗಳ ಹೆಸರು ಗೊತ್ತಿದೆ, ಯಾವುದರ ಮೂಗು ಯಾವ ಮಾಮ ಮುರಿದಿದ್ದು ಅಂತಲೂ ಗೊತ್ತಿದೆ. ಎತ್ತಿಟ್ಟಿದ್ದಕ್ಕೆ ಇಳಿಸುವ ದಿನ ಪಂಚಾಂಗದಲ್ಲೇ ಇದೆ. ಶೂಗೆ, ಸೀರೆಗೆ, ಡಿನ್ನರ್ ಸೆಟ್ಟಿಗೆ ಅಂಥ ದಿನ ಇರಲಿಲ್ಲ. "ನೀವು ಬಂದಾಗ" ಅನ್ನುವುದು ಯಾವ ಪಂಚಾಂಗದಲ್ಲೂ ಇಲ್ಲ.

ಆ ತಟ್ಟೆಯ ಚರ್ಚೆಯಲ್ಲಿ ಡಲ್ಲಾಸ್‌ನವರೊಬ್ಬರು "ಇದು ನಮ್ಮ ಹಿಂದಿನ ತಲೆಮಾರಿನ ಅಭ್ಯಾಸ, ನಾವು ಹಾಗಿಲ್ಲ" ಅಂತ ಬರೆದಿದ್ದಾರೆ. ಸರ್, ದಯವಿಟ್ಟು ಇದನ್ನು ಓದಿ. ಅಮ್ಮ ಅಪ್ಪ ಈಗ ಹೋಗುತ್ತಿರುವ ಲಿಫ್ಟ್ ಇರುವ ಮನೆ ನಮ್ಮದೇ. ಕನಕಪುರ ರಸ್ತೆಯಲ್ಲಿ ಮೂರು ಕೋಣೆಯ ಫ್ಲಾಟ್. 2016ರಲ್ಲಿ ಗೃಹಪ್ರವೇಶ ಮಾಡಿ, ಹಾಲು ಉಕ್ಕಿಸಿ, ಬೀಗ ಹಾಕಿ ಹೊರಟೆವು. ವಾಪಸ್ ಬಂದಾಗ ಇರೋಣ ಅಂತ. ಗೋಡೆ ಹಾಳಾಗುತ್ತದೆ ಅಂತ ಬಾಡಿಗೆಗೂ ಕೊಡಲಿಲ್ಲ. ಅಮ್ಮ ಅಪ್ಪನನ್ನು ಹೋಗಿ ಇರಿ ಅಂತ ಒಂದು ಸಲ ಬಾಯಿಮಾತಿಗೆ ಕೇಳಿದ್ದೆವು. "ನಿಮ್ಮ ಹೊಸ ಮನೆ, ನಾವ್ಯಾಕೆ ಅದನ್ನ ಗಲೀಜು ಮಾಡೋದು" ಅಂದರು. ನಾವು ಮತ್ತೆ ಕೇಳಲಿಲ್ಲ. ಅದೇ ರಸ್ತೆಯ ರೇಷ್ಮೆ ಸಂಸ್ಥೆ ನಿಲ್ದಾಣದ ತನಕ ಮೆಟ್ರೊ 2021ರಲ್ಲೇ ಬಂತು. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ಗಾಂಧಿ ಬಜಾರ್‌ಗೆ ಹೋಗಿ ಬರಬಹುದಿತ್ತು, ಅಮ್ಮನಿಗೆ ತನ್ನ ತರಕಾರಿ, ಹೂವು ಯಾವುದೂ ತಪ್ಪುತ್ತಿರಲಿಲ್ಲ. ಅಷ್ಟೂ ವರ್ಷ ಆ ಮನೆ ಖಾಲಿ ಇತ್ತು, ಅಮ್ಮ ಮಂಡಿ ಹಿಡಿದುಕೊಂಡು 19 ಮೆಟ್ಟಿಲು ಹತ್ತುತ್ತಿದ್ದರು. ಮೊನ್ನೆ ಬೀಗ ತೆಗೆದರೆ ವಾರ್ಡ್‌ರೋಬ್ ಒಳಗೆಲ್ಲ ಬೂಷ್ಟು, ನಲ್ಲಿಯ ವಾಷರ್ ಒಣಗಿ ಸೋರುತ್ತಿದೆ, ವಾಷಿಂಗ್ ಮೆಷಿನ್ ಬಾಗಿಲಿನ ರಬ್ಬರ್ ಅಂಟಿಕೊಂಡಿದೆ. ಹಾಸಿಗೆಯ ಮೇಲೆ ಅಂಗಡಿಯ ಪ್ಲಾಸ್ಟಿಕ್ ಹಾಗೇ ಇದೆ.

ಲಾಕರ್ ಬಗ್ಗೆಯೂ ಒಂದು ಮಾತು. ಬೀಗ ಹಾಕಿ ವಿದೇಶಕ್ಕೆ ಬಂದವರು ಗಮನಿಸಿ: ರಿಸರ್ವ್ ಬ್ಯಾಂಕಿನ 2021ರ ನಿಯಮದ ಪ್ರಕಾರ, ಬಾಡಿಗೆ ಸರಿಯಾಗಿ ಕಟ್ಟುತ್ತಿದ್ದರೂ 7 ವರ್ಷ ಲಾಕರ್ ತೆರೆಯದೆ, ನಿಮ್ಮನ್ನು ಹುಡುಕಿದರೂ ಸಿಗದೆ ಇದ್ದರೆ ಬ್ಯಾಂಕು ಅದನ್ನು ತೆರೆಯಬಹುದು. ನಾಮಿನಿ ಹೆಸರು ಕೊಡಿ, ಬಂದಾಗಲೆಲ್ಲ ಒಂದು ಸಲ ತೆರೆದು ನೋಡಿ.

ನಮ್ಮ ಲಾಕರಿನಲ್ಲಿದ್ದದ್ದು ಬೆಳ್ಳಿ. ನನ್ನ ಮದುವೆಯ ನಾಲ್ಕು ಲೋಟ, ಮಗಳು ಹುಟ್ಟಿದಾಗ ಅಜ್ಜಿ ಕೊಟ್ಟ ಒಳಲೆ. ಒಳಲೆಗೆ ಒಂದು ಹನಿ ಹಾಲು ತಾಕಿಲ್ಲ, ಅವಳು ಬಾಟಲಿಯಲ್ಲೇ ಬೆಳೆದಳು. ಲೋಟಗಳನ್ನು ಕಾಗದದಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದೆ. ರಬ್ಬರಿನಲ್ಲಿ ಗಂಧಕ ಇರುತ್ತದೆ, ಬೆಳ್ಳಿಯನ್ನು ಕಪ್ಪು ಮಾಡುವುದು ಅದೇ. ಪ್ರತಿ ಲೋಟದ ಸೊಂಟಕ್ಕೂ ಕಪ್ಪು ಉಡಿದಾರ ಕಟ್ಟಿದ ಹಾಗೆ ಒಂದು ಗೆರೆ. ಮಗಳು ಅಡುಗೆಮನೆ ಕಟ್ಟೆಯ ಹತ್ತಿರ ನಿಂತು ವಿಭೂತಿ ಹಾಕಿ ಉಜ್ಜಿದಳು. ಗೆರೆ ಪೂರ್ತಿ ಹೋಗಲಿಲ್ಲ. ಆದರೆ ಅವತ್ತಿನಿಂದ ಅವಳು ಅದರಲ್ಲೇ ನೀರು ಕುಡಿಯುತ್ತಿದ್ದಾಳೆ. "ಇದು ತಣ್ಣಗಿದೆ ಅಮ್ಮ" ಅಂದಳು. ಸ್ಟುಟ್‌ಗಾರ್ಟ್‌ನಲ್ಲಿ ಅವಳದು ಪ್ಲಾಸ್ಟಿಕ್ ಲೋಟ, ಒಡೆಯುವುದಿಲ್ಲ ಅಂತ ನಾನೇ ತಂದದ್ದು. ಮನೆಯಲ್ಲಿ ಚೆನ್ನಾಗಿರುವುದೆಲ್ಲ ನೆಂಟರಿಗೆ, ತನಗೆ ಉಳಿದದ್ದು ಅಂತ ಮಗು ಮಾತಿಲ್ಲದೇ ಕಲಿತುಬಿಡುತ್ತದೆ. ನಮ್ಮ ಊರಿನ ವಸ್ತು ಎಂದರೆ ಮುಟ್ಟಬಾರದ್ದು ಅಂತಲೂ ಕಲಿಯುತ್ತದೆ. ಮುಟ್ಟದ ಲೋಟದ ಮೇಲೆ ಯಾವ ಮಗುವಿಗೆ ಮಮತೆ ಹುಟ್ಟುತ್ತದೆ?

ಆದ್ದರಿಂದ ಮೆಲ್ಬರ್ನ್‌ನ ತಂಗಿ, ತಟ್ಟೆಯನ್ನು ಇವತ್ತೇ ತೆಗೆಯಿರಿ. ಡಿಶ್‌ವಾಷರ್‌ಗೆ ಹಾಕಬೇಡಿ, ಕೈಯಲ್ಲೇ ತೊಳೆದು ಕೂಡಲೇ ಒರೆಸಿ. ಮೊಟ್ಟೆ ಬೇಡ, ಕಪ್ಪಾಗುತ್ತದೆ. ಉಪ್ಪು, ಉಪ್ಪಿನಕಾಯಿ ತುಂಬ ಹೊತ್ತು ಅದರಲ್ಲಿ ಬಿಡಬೇಡಿ. ದಿನಾ ಬಳಸುವ ಬೆಳ್ಳಿ ಎತ್ತಿಟ್ಟ ಬೆಳ್ಳಿಯಷ್ಟು ಕಪ್ಪಾಗುವುದಿಲ್ಲ. ಕೈ ತಪ್ಪಿ ಬಿದ್ದು ತಗ್ಗಾದರೆ ಆಗಲಿ, ಮುಂಜಿಯ ದಿನ ಆ ತಗ್ಗು ಸಮೇತ ಅದೇ ತಟ್ಟೆಯಲ್ಲಿ ಮಾತೃಭೋಜನಕ್ಕೆ ಕೂರಿಸಿ. ಇನ್ನೊಂದು, ಊರಿಂದ ಹಳೇ ದೀಪ, ವಿಗ್ರಹ ತರುವವರಿದ್ದರೆ ಎಚ್ಚರ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ 100 ವರ್ಷ ದಾಟಿದ್ದನ್ನು ನಾವು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಂಥದ್ದು ಇಲ್ಲೇ ಇರುವ ಅಣ್ಣತಮ್ಮಂದಿರ ಮನೆಯಲ್ಲಿ ಉರಿಯಲಿ.

ನಿನ್ನೆ ಸಂಜೆ ಅಮ್ಮನನ್ನು ಫ್ಲಾಟಿಗೆ ಕರೆದುಕೊಂಡು ಹೋಗಿದ್ದೆ. ಕೋಣೆಯೆಲ್ಲ ಸುತ್ತಿ ಬಂದು ಹಾಸಿಗೆಯ ತುದಿಗೆ ಕೂತರು. ಪ್ಲಾಸ್ಟಿಕ್ ಚರಚರ ಅಂತು. ಸ್ವಲ್ಪ ಹೊತ್ತು ಅದರ ಮೇಲೆ ಕೈ ಆಡಿಸುತ್ತಾ ಇದ್ದು, "ಪುಟ್ಟಿ, ಕತ್ತರಿ ಇದೆಯಾ ನೋಡು" ಅಂದರು.

ಬರುವ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ ಅಲ್ಲೇ. ಅಷ್ಟರೊಳಗೆ ಆ ಧಾರೆ ಸೀರೆಯ ಅಂಚು ಬಿಡಿಸಿ ಮಗಳಿಗೆ ಲಂಗಕ್ಕೆ ಹಚ್ಚಿಸಬೇಕು ಅಂತ ಅಮ್ಮನ ಆಸೆ. ಜರಿ ಸೀಳಿರುವ ಕಡೆ ಹಿಂದಿನಿಂದ ಬಟ್ಟೆ ಕೊಟ್ಟು ಹೊಲಿಯಬಲ್ಲ ದರ್ಜಿಗಳು ಬಸವನಗುಡಿ, ಜಯನಗರದ ಕಡೆ ನಿಮಗೆ ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.