ವೆಂಟಿಲೇಟರ್ ತೆಗೆಯೋಕೆ ಒಬ್ಬ ಮಗ ಹೂಂ, ಇನ್ನೊಬ್ಬ ಉಹೂಂ: ಡಾಕ್ಟರು ಯಾರ ಮಾತು ಕೇಳಬೇಕು?

ಅಘನಾಶಿನಿ_ದಂಡೆ:
ನಮ್ಮ ಜಿಲ್ಲೆಯಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಎಂಬತ್ತು ದಾಟಿದವರಿಗೆ ಮಿದುಳಲ್ಲಿ ರಕ್ತಸ್ರಾವ, ಹುಬ್ಬಳ್ಳಿ ಇಲ್ಲವೇ ಮಣಿಪಾಲದ ಐಸಿಯುನಲ್ಲಿ ಹತ್ತು ದಿನ, ಚೇತರಿಕೆ ಇಲ್ಲ ಅಂತ ಡಾಕ್ಟರು ಹೇಳಿಯಾಗಿದೆ. ಮನೆಯಲ್ಲಿ ನೋಡಿಕೊಂಡ ಹಿರಿಮಗ ಸಾಕು ಅಂತಾನೆ. ಬೆಂಗಳೂರಿಂದ ಬಂದ ತಮ್ಮ "ದುಡ್ಡಿನ ಚಿಂತೆ ಬೇಡ, ಏನಾದ್ರೂ ಮಾಡಿ" ಅಂತಾನೆ. ಕೊನೆಗೆ "ನಮ್ಮ ಜವಾಬ್ದಾರಿಯಲ್ಲಿ ಕರೆದೊಯ್ಯುತ್ತೇವೆ" ಅಂತ ಸಹಿ ಹಾಕಿ, ಅಂಬು ಬ್ಯಾಗ್ (ಕೈಯಲ್ಲಿ ಒತ್ತಿ ಉಸಿರು ಕೊಡುವ ಚೀಲ) ಒತ್ತಿಕೊಂಡು ಶಿರಸಿಗೆ ವಾಪಸ್. ಇದು ಬಿಟ್ಟು ಬೇರೆ ದಾರಿ ಇಲ್ವಾ? ಊಟ ಹಾಕುವ ಮೂಗಿನ ನಳಿಗೆ, ನೋವು ಮತ್ತು ಉಸಿರಾಟದ ಸಂಕಟ ತಗ್ಗಿಸುವ ಮಾರ್ಫಿನ್ ವಿಷಯಕ್ಕೂ ಇದೇ ಜಗಳ.

ರಾತ್ರಿಪಾಳಿ_ಐಸಿಯು:
ದಾರಿ ಇದೆ. ಚೇತರಿಕೆ ಇಲ್ಲದ ರೋಗಿಗೆ ಇಂಥ ಯಂತ್ರ ತೆಗೆಯುವುದನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಒಪ್ಪಿ, 2023ರ ಜನವರಿ 24ರಂದು ಅದರ ವಿಧಾನ ಸರಳ ಮಾಡಿತು. ಚಿಕಿತ್ಸೆ ಕೊಡುತ್ತಿರುವ ವೈದ್ಯರು, ಜೊತೆಗೆ ಕನಿಷ್ಠ ಐದು ವರ್ಷ ಅನುಭವದ ಇಬ್ಬರು ತಜ್ಞರು: ಇದು ಮೊದಲ ಮಂಡಳಿ. ಎರಡನೇ ಮಂಡಳಿಯಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರು, ಮೊದಲಿನದರಲ್ಲಿ ಇಲ್ಲದ ಇಬ್ಬರು ತಜ್ಞರು. ಎರಡೂ ಆದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ಮನೆಯವರ ಲಿಖಿತ ಒಪ್ಪಿಗೆ ಬೇಕು, ಜಾರಿಗೆ ಮೊದಲು ಜೆಎಂಎಫ್‌ಸಿ (ಪ್ರಥಮ ದರ್ಜೆ ನ್ಯಾಯಿಕ) ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಅವರ ಅನುಮತಿಗೆ ಕಾಯಬೇಕಿಲ್ಲ, ತಿಳಿಸಿದರೆ ಸಾಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದಕ್ಕೆ ಆದೇಶವನ್ನೂ ಹೊರಡಿಸಿದೆ.

ಅಣ್ಣತಮ್ಮಂದಿರು ಒಪ್ಪದಿದ್ದರೆ? ತೀರ್ಪಿನಲ್ಲಿ ಹಿರಿಯ ಮಗನಿಗೆ ಹೆಚ್ಚು ತೂಕ ಅಂತೇನೂ ಇಲ್ಲ. ಜಗಳ ಇರುವಾಗ ಯಾವ ವೈದ್ಯರೂ ಯಂತ್ರ ತೆಗೆಯುವುದಿಲ್ಲ, ತೆಗೆಯಲೂಬಾರದು. ಅಲ್ಲಿ ನಡೆಯುವುದು ಗಡುವಿಟ್ಟ ಪ್ರಯತ್ನ. "ಇನ್ನು 72 ಗಂಟೆ ಪೂರ್ತಿ ಚಿಕಿತ್ಸೆ. ಅಷ್ಟರಲ್ಲಿ ಕಣ್ಣು ಬಿಟ್ಟು ನೋಡಬೇಕು, ಬಿಪಿ ಕುಸಿಯದಂತೆ ಕೊಡುವ ಔಷಧ ಕಡಿಮೆಯಾಗಬೇಕು. ಆಗದಿದ್ದರೆ ಮತ್ತೆ ಕೂರೋಣ" ಅಂತ ಕೇಸ್‌ಶೀಟಿನಲ್ಲಿ ಬರೆದಿಡುವುದು. ದೂರದಿಂದ ಬಂದ ಮಗನಿಗೆ ಬೇಕಿರುವುದು ಹೆಚ್ಚಾಗಿ ಈ ಮೂರು ದಿನವೇ. ಅಣ್ಣ ಹತ್ತು ದಿನದಲ್ಲಿ ಕಂಡದ್ದನ್ನು ಅವನು ಇನ್ನೂ ಕಂಡಿರುವುದಿಲ್ಲ.

ಪ್ರಶ್ನೆ ಕೇಳುವ ರೀತಿಯಲ್ಲೇ ಅರ್ಧ ಜಗಳ ಹುಟ್ಟುತ್ತದೆ. "ವೆಂಟಿಲೇಟರ್ ತೆಗೀಬಹುದಾ?" ಅಂದರೆ ತಂದೆಯನ್ನು ಕೊಲ್ಲೋಕೆ ಸಹಿ ಕೇಳಿದ ಹಾಗೆ ಕೇಳಿಸುತ್ತದೆ. "ಅವರೇ ಮಾತಾಡುವಂತಿದ್ದರೆ ಏನು ಹೇಳುತ್ತಿದ್ದರು?" ಅಂತ ಕೇಳಬೇಕು. ಕಾರಿಡಾರಿನಲ್ಲಿ ನಿಂತು ಕೇಳಬಾರದು. ಕುರ್ಚಿ ಹಾಕಿ, ಹೆಂಡತಿಯನ್ನೂ ಕೂರಿಸಿ ಕೇಳಬೇಕು. ಸಾಮಾನ್ಯವಾಗಿ ಆಕೆಯನ್ನು ಹೊರಗೆ ಬೆಂಚಿನಲ್ಲೇ ಬಿಟ್ಟಿರುತ್ತಾರೆ.

ಅಂಬು ಬ್ಯಾಗ್ ಒತ್ತುತ್ತಾ ಮನೆಗೆ ಒಯ್ಯುವಾಗ ಎಡವಟ್ಟಾಗುವುದು ಇಲ್ಲಿ: ಬಿ ಟೈಪ್ ಆಮ್ಲಜನಕ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್, ನಿಮಿಷಕ್ಕೆ 10 ಲೀಟರಿನಂತೆ ಎರಡೂವರೆ ಗಂಟೆ. ಘಟ್ಟದಲ್ಲಿ ಲಾರಿ ಅಡ್ಡ ಸಿಕ್ಕರೆ ಮುಗಿಯಿತು. ಮನೆ ಜಗಲಿಯಲ್ಲಿ ಉಸಿರಾಟದ ಟ್ಯೂಬ್ ಎಳೆಯುವವನ ಕೈಯಲ್ಲಿ ಮಾರ್ಫಿನ್ ಇರುವುದಿಲ್ಲ. ರೋಗಿ ಉಸಿರಿಗೆ ಒದ್ದಾಡುವುದನ್ನು ಮೊಮ್ಮಕ್ಕಳೂ ನೋಡುತ್ತಾರೆ. ಆಸ್ಪತ್ರೆಯಲ್ಲಾದರೆ ಸ್ನಾಯು ಸಡಿಲಿಸುವ ಔಷಧದ ಪ್ರಭಾವ ಪೂರ್ತಿ ಇಳಿದ ಮೇಲೆ, ಮಾರ್ಫಿನ್ ಮತ್ತು ಮಿಡಜೋಲಮ್ (ಮಂಪರು ತರಿಸುವ ಔಷಧ) ಮೊದಲೇ ಕೊಟ್ಟು, ಆಮ್ಲಜನಕ ಹಂತಹಂತವಾಗಿ ಇಳಿಸಿ, ಆಮೇಲೆ ಟ್ಯೂಬ್ ತೆಗೆಯುತ್ತಾರೆ.

ನೋಟರಿ_ಕಟ್ಟೆ:
ಒಂದು ಸೇರಿಸುತ್ತೇನೆ. ಮಂಡಳಿ ಒಪ್ಪದಿದ್ದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು. ನಮಗೆ ಧಾರವಾಡ ಪೀಠ. ಅಷ್ಟು ದೂರ ಹೋಗಬಾರದು ಅಂದರೆ ಬುದ್ಧಿ ನೆಟ್ಟಗಿರುವಾಗಲೇ ಲಿವಿಂಗ್ ವಿಲ್ (ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅನ್ನುವ ಪತ್ರ) ಬರೆಯಿರಿ. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ, ನಿಮ್ಮ ಪರವಾಗಿ ತೀರ್ಮಾನಿಸುವವರ ಹೆಸರು. ಒಂದು ಪ್ರತಿ ಪಂಚಾಯತಿ ಅಥವಾ ನಗರಸಭೆಗೆ, ಒಂದು ಮನೆ ಡಾಕ್ಟರಿಗೆ. ಗೋದ್ರೇಜ್ ಕಪಾಟಿನಲ್ಲಿ ಆಸ್ತಿ ಪತ್ರದ ಜೊತೆ ಇಟ್ಟರೆ ಹದಿಮೂರನೇ ದಿನಕ್ಕೆ ಸಿಗುತ್ತದೆ!

ರೋಗಿಯ ಪರವಾಗಿ ಮಾತಾಡುವ "ಹತ್ತಿರದವರು" ಅಂದರೆ ರಕ್ತಸಂಬಂಧವೇ ಆಗಬೇಕಿಲ್ಲ. ದಶಕಗಳ ಕಾಲ ಅರೆಪ್ರಜ್ಞೆಯಲ್ಲಿ ಮಲಗಿದ್ದ ನರ್ಸ್, ನಮ್ಮ ಹಳದೀಪುರದ ಅರುಣಾ ಶಾನಭಾಗ್ ಪ್ರಕರಣದಲ್ಲಿ (2011ರ ಮಾರ್ಚ್ 7) ದಯಾಮರಣ ಕೋರಿ ಅರ್ಜಿ ಹಾಕಿದ ಪತ್ರಕರ್ತೆಗಿಂತ, ದಶಕಗಳ ಕಾಲ ಆರೈಕೆ ಮಾಡಿದ ಮುಂಬಯಿಯ ಕೆಇಎಂ ಆಸ್ಪತ್ರೆ ಸಿಬ್ಬಂದಿಯೇ ಹತ್ತಿರದವರು ಅಂದಿತು ಕೋರ್ಟು.

ಮನೆಭೇಟಿ_ನರ್ಸ್:
ಊಟದ ಜಗಳ ಕಾನೂನಿನದಕ್ಕಿಂತ ದೊಡ್ಡದು. "ಉಪವಾಸ ಕೆಡವಿ ಸಾಯಿಸ್ತಿದ್ದಾರೆ" ಅನ್ನುವ ಮಾತು ಯಾವ ಮನೆಯಲ್ಲೂ ತಪ್ಪಿದ್ದಲ್ಲ. ಕೊನೆಯ ದಿನಗಳಲ್ಲಿ ಹೊಟ್ಟೆ ಕೆಲಸ ನಿಧಾನವಾಗುತ್ತದೆ. ನಳಿಗೆಯಲ್ಲಿ ಹಾಕಿದ 200 ಎಂಎಲ್ ಗಂಜಿತಿಳಿ ಮೇಲಕ್ಕೆ ಬಂದು ಶ್ವಾಸಕೋಶ ಸೇರುತ್ತದೆ, ಡ್ರಿಪ್ ಕಾಲಿನ ಬಾವಾಗಿ, ಗಂಟಲಿನ ಗೊರಗೊರವಾಗಿ ಕಾಣುತ್ತದೆ. ಬಾಯಿ ಒಣಗದಂತೆ ಎರಡು ಗಂಟೆಗೊಮ್ಮೆ ಒದ್ದೆ ಹತ್ತಿಯಿಂದ ಒರೆಸಿ. ಗಂಗೋದಕ ಬಿಡುವವರು ಚಮಚೆಯಲ್ಲಿ ಸುರಿಯಬೇಡಿ, ತುಳಸಿ ಎಲೆಯಿಂದ ತುಟಿಗೆ ಎರಡು ಹನಿ ಮುಟ್ಟಿಸಿ. ಶಾಸ್ತ್ರಕ್ಕೂ ಅಷ್ಟೇ ಸಾಕು.

ಮಾರ್ಫಿನ್ ಕೊಟ್ಟರೆ ಬೇಗ ಹೋಗುತ್ತಾರೆ ಅನ್ನುವ ಭಯಕ್ಕೆ ಉತ್ತರ ಪ್ರಮಾಣದಲ್ಲಿದೆ. ವಯಸ್ಸಾದವರಿಗೆ ವೈದ್ಯರು ಸಾಮಾನ್ಯವಾಗಿ ಶುರು ಮಾಡುವುದೇ 2.5 ಮಿಲಿಗ್ರಾಂ, ಅಂದರೆ 10ರ ಮಾತ್ರೆಯ ಕಾಲುಭಾಗ, ನಾಲ್ಕು ಗಂಟೆಗೊಮ್ಮೆ. ಕಿಡ್ನಿ ಕೆಟ್ಟಿದ್ದರೆ ಅಂತರ ಇನ್ನೂ ಹೆಚ್ಚು. ಮಲಬದ್ಧತೆಗೆ ಮೊದಲ ದಿನದಿಂದಲೇ ಔಷಧ ಬರೆಸಿಕೊಳ್ಳಿ. ಅದು ತಪ್ಪಿದರೆ ಐದನೇ ದಿನ ಹೊಟ್ಟೆ ಉಬ್ಬುತ್ತದೆ, ದೂರು ಮಾರ್ಫಿನ್ ಮೇಲೆ ಬೀಳುತ್ತದೆ.

ಅಘನಾಶಿನಿ_ದಂಡೆ:
ರಾತ್ರಿಪಾಳಿಯವರೇ, ತಾಲೂಕು ಮಟ್ಟದ ಸಣ್ಣ ಆಸ್ಪತ್ರೆಯಲ್ಲಿ ಅಷ್ಟು ತಜ್ಞರು ಎಲ್ಲಿ ಸಿಗಬೇಕು?

ರಾತ್ರಿಪಾಳಿ_ಐಸಿಯು:
ಸಿಗುವುದು ಕಷ್ಟ, ಒಪ್ಪುತ್ತೇನೆ. ಅದಕ್ಕೇ ದೊಡ್ಡಾಸ್ಪತ್ರೆಯಿಂದ ಹೊರಡುವ ಮೊದಲೇ ಎರಡೂ ಮಂಡಳಿ ಅಲ್ಲೇ ಮುಗಿಸಿಕೊಳ್ಳಿ. ಮನೆಯಲ್ಲೇ ಪ್ರಾಣ ಹೋಗಬೇಕು ಅನ್ನುವುದು ರೋಗಿಯ ಆಸೆಯಾಗಿದ್ದರೆ ಅದನ್ನೂ ಮಂಡಳಿಯ ಮುಂದೆ ಹೇಳಿ. ಬೇಕಾದ ಔಷಧ, ಜೊತೆಗೆ ಬರುವ ನರ್ಸ್, ಮರಣ ಪ್ರಮಾಣಪತ್ರಕ್ಕೆ ಸಹಿ ಹಾಕುವ ಸ್ಥಳೀಯ ವೈದ್ಯರು, ಈ ಮೂರೂ ಗೊತ್ತಾದ ಮೇಲೇ ಆಂಬುಲೆನ್ಸ್ ಕರೆಸಿ.