ಸಹಾಯ ಬೇಕು: ಧಾರವಾಡ ಟ್ರೇನಿಂಗ್ ಕಾಲೇಜಿನ ಹಳೇ ಫೋಟೊ, ನೆನಪುಗಳು

ನಮಸ್ಕಾರ್ರೀ ಎಲ್ಲರಿಗೂ. ಧಾರವಾಡದ ಗಂಡುಮಕ್ಕಳ ಟ್ರೇನಿಂಗ್ ಕಾಲೇಜಿನ ಹಳೇ ಕಟ್ಟಡದ ಬಗ್ಗೆ ಮಾಹಿತಿ ಕೂಡಿಸ್ತಿದ್ದೀನಿ. ನಮ್ಮ ಅಜ್ಜ ಮುಲ್ಕಿ ಪಾಸಾಗಿ ಅಲ್ಲೇ ಕಲಿತು ಕನ್ನಡ ಸಾಲಿ ಮಾಸ್ತರಾದವರು. ಆಗ ಮುಲ್ಕಿ ಅಂದ್ರ ಈಗಿನ ಏಳನೇತ್ತಾ, ಆದ್ರ ಅದರ ಗತ್ತೇ ಬೇರೆ!

ಮುಂಬಯಿ ಪ್ರಾಂತದ ಆಡಳಿತದಾಗ ಈ ಭಾಗದ ಸಾಲಿಗಳಲ್ಲಿ ಮರಾಠಿಯದೇ ದರ್ಬಾರು. ಅಂಥಾ ಹೊತ್ತಿನಾಗ ಕನ್ನಡ ಮಾಸ್ತರರನ್ನ ತಯಾರು ಮಾಡಿದ ಜಾಗ ಇದು. 1860ರ ದಶಕದಾಗ ಡೆಪ್ಯೂಟಿ ಚನ್ನಬಸಪ್ಪನವರು ಇದರ ಮುಖ್ಯಸ್ಥರಾಗಿದ್ರು. ಅವರೂ, ಆಗಿನ ಶಿಕ್ಷಣ ಇಲಾಖೆಯ ಬ್ರಿಟಿಷ್ ಅಧಿಕಾರಿ ರಸೆಲ್ ಸಾಹೇಬರೂ ಮಾಡಿದ ಕೆಲಸದ ಬಗ್ಗೆ ಪುಸ್ತಕದಾಗ ಓದಲಿಕ್ಕೆ ಸಿಗತದ. ಅಲ್ಲಿ ಕಲಿತ ಹುಡುಗರ ದಿನಚರಿ ಮಾತ್ರ ಎಲ್ಲೂ ಸಿಗವಲ್ದು. ನನಗ ಬೇಕಾಗಿದ್ದು ಅದs.

1956ರ ಏಕೀಕರಣಕ್ಕಿಂತ ಮೊದಲು ಅಲ್ಲಿ ಕಲಿತ ಹಿರಿಯರು ನಿಮ್ಮ ಮನ್ಯಾಗ ಇದ್ರ ಒಂದಿಷ್ಟು ಕೇಳಿ ಬರೀರಿ: ಬೋರ್ಡಿಂಗಿನ ಊಟ ಹೆಂಗಿತ್ತು, ಪ್ರ್ಯಾಕ್ಟೀಸಿಂಗ್ ಸಾಲಿಯೊಳಗ ಮೊದಲನೇ ಪಾಠ ಮಾಡುವಾಗ ಹುಡುಗ್ರು ಏನು ಕಾಡಿದ್ರು, ಇಂಥಾವು. ಗ್ರೂಪ್ ಫೋಟೊ, ಪಾಠ ಟಿಪ್ಪಣಿ ವಹಿ, ಸರ್ಟಿಫಿಕೇಟು ಇದ್ರ ಮೊಬೈಲಿನಾಗ ಫೋಟೊ ತೆಗೆದು ಕಳಿಸಿದ್ರೂ ಸಾಕು. ಫೋಟೊದ ಹಿಂದ ಹೆಸರು ಬರೆದಿದ್ರ ಆ ಮಗ್ಗಲೂ ತೆಗೀರಿ. ಮೂಲ ಪ್ರತಿ ಅಂಚೆಗೆ ಹಾಕಬ್ಯಾಡ್ರಿ, ಧಾರವಾಡ-ಹುಬ್ಬಳ್ಳಿ ಸುತ್ತ ಇದ್ರ ನಾನೇ ಬಂದು ಸ್ಕ್ಯಾನ್ ಮಾಡ್ಕೋತೀನಿ. ಇನ್‌ಬಾಕ್ಸಿಗೆ ಬರ್ರಿ.